ಚಿಕ್ಕಮಗಳೂರಿನ ನಮ್ಮ ಮನೆಗೆ ಸೋಲಾರ್ ಬಿಸಿನೀರು: ನನ್ನ ಅನುಭವ

ಸೋಲಾರ್ ವಾಟರ್ ಹೀಟರ್ ಹಾಕಿಸಬೇಕು ಅನ್ನುವವರು ಮೊದಲು ಕೇಳುವುದು ಯಾವ ಕಂಪನಿಯದ್ದು ಒಳ್ಳೆಯದು ಅಂತ. ನಾನು ಅವರನ್ನು ಕೇಳುವುದು, ನಿಮ್ಮ ತಣ್ಣೀರಿನ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಅಂತ. ನಮ್ಮ ಮನೆಗೆ ಹಾಕಿಸುವಾಗ ಇಡೀ ಕೆಲಸ ನಿಂತಿದ್ದೇ ಈ ಎತ್ತರದ ಮೇಲೆ.

ಇದರಲ್ಲಿ ಪಂಪಿಲ್ಲ, ಮೋಟಾರಿಲ್ಲ. ಬಿಸಿಯಾದ ನೀರು ಹಗುರವಾಗಿ ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಬಿಸಿಲು ಕಾಯುವ ಕೊಳವೆಗಳು ಕೆಳಗೆ, ನೀರು ಸೇರುವ ಟ್ಯಾಂಕ್ ಮೇಲೆ. ಬಿಸಿಲಿರುವಷ್ಟು ಹೊತ್ತು ನೀರು ತಾನಾಗಿಯೇ ಸುತ್ತುತ್ತಿರುತ್ತದೆ. ಬಚ್ಚಲುಮನೆಯಲ್ಲಿ ನಲ್ಲಿ ತಿರುಗಿಸಿದಾಗ ತಣ್ಣೀರು ಸೋಲಾರ್ ಟ್ಯಾಂಕಿನ ತಳಕ್ಕೆ ಬಂದು, ಮೇಲಿರುವ ಬಿಸಿನೀರನ್ನು ಹೊರಗೆ ತಳ್ಳುತ್ತದೆ. ಹಾಗಾಗಿ ತಣ್ಣೀರಿನ ಟ್ಯಾಂಕಿನ ತಳ, ಸೋಲಾರ್ ಟ್ಯಾಂಕಿನ ತಲೆಗಿಂತ ಮೇಲಿರಬೇಕು. ನಮ್ಮ ತಣ್ಣೀರಿನ ಟ್ಯಾಂಕ್ ತಾರಸಿಯ ಮೇಲೇ ಕೂತಿತ್ತು. ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ಎತ್ತರಿಸಿದೆವು. ಖರ್ಚು ಜಾಸ್ತಿಯಾಯಿತು, ಆದರೆ ಖರ್ಚು ಮಾಡಬೇಕಾದ ಜಾಗ ಅದೇ.

ಇನ್ನೊಂದು, ಸೋಲಾರ್ ಟ್ಯಾಂಕಿನ ಮೇಲಿನ ಗಾಳಿ ಪೈಪ್. ಇದರ ಬಾಯಿ ತಣ್ಣೀರಿನ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿದ್ದು, ಯಾವಾಗಲೂ ತೆರೆದಿರಬೇಕು. ಪ್ಲಂಬರ್ ಹುಡುಗ, "ಅಕ್ಕ, ಕಸ ಬೀಳುತ್ತೆ, ಕ್ಯಾಪ್ ಹಾಕಿಬಿಡ್ಲಾ?" ಎಂದ. "ಬೇಡಪ್ಪ, ಬೆಂಡ್ ಹಾಕು, ಬಾಯಿ ಕೆಳಮುಖವಾಗಿರಲಿ" ಎಂದೆ. ಈ ಪೈಪ್ ಮುಚ್ಚಿದರೆ ಆವಿಗೆ ದಾರಿಯಿಲ್ಲದೆ ಟ್ಯಾಂಕ್ ಉಬ್ಬಬಹುದು. ನೀರು ಖಾಲಿಯಾಗುವಾಗ ಗಾಳಿ ಒಳಗೆ ಬರದೆ ಚಪ್ಪಟೆಯಾಗಲೂಬಹುದು.

ಕೊಳವೆಗಳು ದಕ್ಷಿಣಕ್ಕೆ ಮುಖ ಮಾಡಿವೆ. ಚಂದ್ರದ್ರೋಣ ಬೆಟ್ಟಸಾಲು ನಮ್ಮೂರಿಗೆ ಉತ್ತರಕ್ಕಿದೆ, ಅದರಿಂದ ತೊಂದರೆಯಿಲ್ಲ. ನೋಡಬೇಕಾದ್ದು ಪಕ್ಕದ ತೆಂಗು, ಸಿಲ್ವರ್ ಓಕ್ ಮರಗಳ ನೆರಳು, ಅದೂ ಡಿಸೆಂಬರಿನಲ್ಲಿ. ನಾವಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ನಡುಹಗಲಲ್ಲೂ ಸೂರ್ಯ 54 ಡಿಗ್ರಿಗಿಂತ ಮೇಲೆ ಬರುವುದಿಲ್ಲ, ನೆರಳು ಉದ್ದಕ್ಕೆ ಚಾಚುತ್ತದೆ. ಬಿಸಿನೀರು ಬೇಕಾಗುವುದೂ ಆಗಲೇ ಅಲ್ವಾ? ಅದಕ್ಕೇ ಕೊಳವೆಗಳ ಇಳಿಜಾರನ್ನು ಅಕ್ಷಾಂಶಕ್ಕಿಂತ ಹತ್ತು ಹದಿನೈದು ಡಿಗ್ರಿ ಜಾಸ್ತಿ ಇಡುವುದು. ಬೇಸಿಗೆಯಲ್ಲಿ ಸ್ವಲ್ಪ ಬಿಸಿಲು ಕೈತಪ್ಪಿದರೂ ನಷ್ಟವಿಲ್ಲ.

ತಾಮ್ರದ ಪ್ಲೇಟ್ ಇರುವ ಬಗೆಯೂ ಇದೆ, ಗಾಜಿನ ಕೊಳವೆಯ ಬಗೆಯೂ ಇದೆ. ನೀರು ಮೆದುವಾಗಿದ್ದರೆ ತಾಮ್ರದ್ದು ಬಹಳ ಕಾಲ ಬಾಳುತ್ತದೆ. ನಮ್ಮದು ಬೋರ್‌ವೆಲ್‌ನ ಗಡಸು ನೀರು. ಸುಣ್ಣ ಕಟ್ಟಿ ತಾಮ್ರದ ಸಣ್ಣ ಪೈಪುಗಳು ಮುಚ್ಚಿಹೋಗುತ್ತವೆ ಅಂತ ಗಾಜಿನದ್ದನ್ನೇ ಆರಿಸಿದೆವು. ಕೊಳವೆಗೆ ಎರಡು ಗೋಡೆ, ನಡುವೆ ಗಾಳಿಯೇ ಇಲ್ಲ. ಕಾಫಿ ಫ್ಲಾಸ್ಕಿನ ಹಾಗೆ ಒಳಗಿನ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಹೊಸದಾಗಿ ಹಾಕುವಾಗ ಖಾಲಿ ಕೊಳವೆಗಳನ್ನು ಬಟ್ಟೆಯಿಂದ ಮುಚ್ಚಿಸಿದ್ದೆ. ನೀರು ತುಂಬಿಸಿದ್ದು ಬೆಳಗ್ಗೆ, ಬಿಸಿಲೇರುವ ಮೊದಲು. ಕಾದ ಖಾಲಿ ಗಾಜಿಗೆ ತಣ್ಣೀರು ಬಿದ್ದರೆ ಒಡೆಯುತ್ತದೆ.

ಬಿಸಿನೀರಿಗೆ ಸಾಮಾನ್ಯ ಪಿವಿಸಿ ಬೇಡ, ಬಿಸಿ ತಡೆಯುವ ಸಿಪಿವಿಸಿ ಪೈಪ್ ಹಾಕಿಸಿ. ದಾರಿ ಆದಷ್ಟು ಹತ್ತಿರವಿರಲಿ. ಮುಕ್ಕಾಲು ಇಂಚಿನ ಪೈಪು ಹತ್ತು ಮೀಟರ್ ಉದ್ದವಿದ್ದರೆ ಅದರಲ್ಲಿ ಎರಡೂವರೆ, ಮೂರು ಲೀಟರ್ ನೀರು ತಣ್ಣಗೆ ನಿಂತಿರುತ್ತದೆ. ನಾವು ಅದನ್ನು ಬಕೆಟ್ಟಿಗೆ ಹಿಡಿದು ಬಟ್ಟೆ ಒಗೆಯಲು ಇಟ್ಟುಕೊಳ್ಳುತ್ತೇವೆ, ಸುಮ್ನೆ ಹರಿಯಬಿಡುವುದಿಲ್ಲ.

ಬಳಸುವ ಹೊತ್ತೂ ಮುಖ್ಯ. ನೀರು ಅತಿ ಹೆಚ್ಚು ಬಿಸಿಯಿರುವುದು ಸಂಜೆ. ರಾತ್ರಿ ಪಾತ್ರೆ ತೊಳೆಯಲು ತೆಗೆದಷ್ಟೂ ತಣ್ಣೀರು ಒಳಗೆ ಬರುತ್ತದೆ, ಬೆಳಗಿನ ಸ್ನಾನಕ್ಕೆ ಕಡಿಮೆಯಾಗುತ್ತದೆ. ಅದೇ ನೀರನ್ನು ಮಧ್ಯಾಹ್ನ ತೆಗೆದರೆ, ಬಂದ ತಣ್ಣೀರು ಸಂಜೆಯೊಳಗೆ ಒಂದಿಷ್ಟಾದರೂ ಕಾಯುತ್ತದೆ.

ಮಳೆಗಾಲದ ಮಾತು ಬೇರೆ. ಜೂನ್, ಜುಲೈ, ಆಗಸ್ಟಿನಲ್ಲಿ ದಿನಗಟ್ಟಲೆ ಬಿಸಿಲೇ ಇರುವುದಿಲ್ಲ. ಟ್ಯಾಂಕಿನೊಳಗೆ ಕರೆಂಟ್ ಕಾಯಿಲ್ ಹಾಕಿಸಿಕೊಳ್ಳಿ ಅನ್ನುತ್ತಾರೆ. ನಾನು ಹಾಕಿಸಲಿಲ್ಲ. 200 ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸಲು ಒಂಬತ್ತು ಯೂನಿಟ್ ದಾಟುತ್ತದೆ. ಎರಡು ಬಕೆಟ್ ಸ್ನಾನದ ನೀರಿಗೆ ಒಂದು ಯೂನಿಟ್ ಚಿಲ್ಲರೆ ಸಾಕು. ಎರಡು ಬಕೆಟ್ಟಿಗಾಗಿ ಇಡೀ ಟ್ಯಾಂಕ್ ಕಾಯಿಸುವುದು ಯಾಕೆ? ನಮ್ಮತ್ತೆ ಹಂಡೆ ಒಲೆ ತೆಗೆಯಲು ಬಿಡಲಿಲ್ಲ, ಅದು ಒಳ್ಳೆಯದೇ ಆಯಿತು. ತೋಟದಲ್ಲಿ ಮರಗಸಿ ಮಾಡಿದಾಗ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಸಿದಾಗ, ಬಂದ ಸೌದೆ ಒಣಗಿಸಿಟ್ಟರೆ ಮಳೆಗಾಲ ಕಳೆಯುತ್ತದೆ. ಉಳಿದ ತಿಂಗಳು ಒಲೆಗೆ ರಜೆ, ಬಚ್ಚಲಲ್ಲಿ ಹೊಗೆಯಿಲ್ಲ.

ಮಾರ್ಚ್, ಏಪ್ರಿಲಿನಲ್ಲಿ ನೀರು ಕೈ ಸುಡುವಷ್ಟು ಕಾಯುತ್ತದೆ. ಮಕ್ಕಳ ಬಕೆಟ್ಟಿಗೆ ಮೊದಲು ತಣ್ಣೀರು ಬಿಡಿ, ಆಮೇಲೆ ಬಿಸಿನೀರು.

ನೋಡಿಕೊಳ್ಳುವ ಕೆಲಸ ಜಾಸ್ತಿ ಇಲ್ಲ. ಕೊಳವೆಗಳ ಮೇಲಿನ ಧೂಳು ಒರೆಸಬೇಕು. ತುದಿಯ ಬೆಳ್ಳಿ ಬಣ್ಣ ಹಾಲಿನಂತೆ ಬಿಳಿಯಾಗಿದ್ದರೆ ಆ ಕೊಳವೆಯೊಳಗೆ ಗಾಳಿ ಹೊಕ್ಕಿದೆ ಅಂತ ಅರ್ಥ, ಬದಲಾಯಿಸಬೇಕು. ಟ್ಯಾಂಕಿನ ತಳದ ವಾಲ್ವ್ ತೆರೆದು ಕೆಸರು ಹೊರಬಿಡಬೇಕು. ಹಲವು ಟ್ಯಾಂಕುಗಳಲ್ಲಿ ಮೆಗ್ನೀಸಿಯಂ ಕಡ್ಡಿಯೊಂದಿರುತ್ತದೆ. ಟ್ಯಾಂಕ್ ತುಕ್ಕು ಹಿಡಿಯದಂತೆ ತಾನು ಸವೆಯುವುದೇ ಅದರ ಕೆಲಸ. ನಿಮ್ಮದೂ ಬೋರ್ ನೀರಾದರೆ, ವರ್ಷಕ್ಕೊಮ್ಮೆ ಅದನ್ನು ಬಿಚ್ಚಿಸಿ ನೋಡಿ.