ನೆಟ್‌ನಲ್ಲಿ ಸಿಕ್ಕ ಅಗ್ರಿಮೆಂಟ್ ಫಾರ್ಮ್‌ಗೆ ಸೈನ್ ಹಾಕೋ ಮುಂಚೆ

ಬಾಡಿಗೆ ಅಗ್ರಿಮೆಂಟು, ಅಫಿಡವಿಟ್ಟು, ಜಿಪಿಎ (ನಮ್ಮ ಪರವಾಗಿ ವ್ಯವಹಾರ ಮಾಡೋಕೆ ಇನ್ನೊಬ್ರಿಗೆ ಅಧಿಕಾರ ಕೊಡೋ ಜನರಲ್ ಪವರ್ ಆಫ್ ಅಟಾರ್ನಿ), ವಿಲ್ಲು, ಯಾವ್ದು ಬೇಕಂದ್ರೂ ಈಗ ರೆಡಿಮೇಡ್ ಫಾರ್ಮ್ ಸಿಗುತ್ತೆ, ಹೆಸ್ರು ಅಡ್ರೆಸ್ ಬದಲಾಯಿಸಿ ಪ್ರಿಂಟ್ ತೆಗೆದ್ರೆ ಆಯ್ತು ಅಂತ ಎಲ್ರೂ ಅಂದ್ಕೋತಾರೆ. ಆದ್ರೆ ಆ ಫಾರ್ಮ್ ಯಾವ ರಾಜ್ಯದ ಲೆಕ್ಕದಲ್ಲಿ ಬರೆದಿದ್ದು ಅಂತ ನೋಡೋರು ಕಮ್ಮಿ, ಎಡವಟ್ಟಾಗೋದೇ ಅಲ್ಲಿ.

ಮೊದಲ್ನೇ ಕೆಲ್ಸ ಇದು: ಆಸ್ತಿ ಯಾವ ರಾಜ್ಯದಲ್ಲಿದೆ, ಪತ್ರ ಎಲ್ಲಿ ಬಳಸ್ತೀರಿ ಅಂತ ನೋಡ್ಕೊಳ್ಳಿ. ಪ್ರಾಮಿಸರಿ ನೋಟು, ಇನ್ಶೂರೆನ್ಸ್ ಪಾಲಿಸಿ ಥರದ್ದಕ್ಕೆ ಮುದ್ರಾಂಕ (ಸ್ಟ್ಯಾಂಪ್) ದರ ಕೇಂದ್ರದ್ದು, ದೇಶಕ್ಕೆಲ್ಲ ಒಂದೇ. ಮಿಕ್ಕ ಬಹುತೇಕ ಪತ್ರಗಳ ದರ ಆಯಾ ರಾಜ್ಯದ್ದು, ನಮ್ಮಲ್ಲಿ ಅದಕ್ಕೆ 1957ರ ಕರ್ನಾಟಕ ಸ್ಟ್ಯಾಂಪ್ ಕಾಯ್ದೆ ಇದೆ. ದರನೂ ಬದಲಾಗ್ತಾ ಇರುತ್ತೆ, 20 ರೂಪಾಯಿ ಇದ್ದ ಅಫಿಡವಿಟ್ ಸ್ಟ್ಯಾಂಪು 2023ರ ತಿದ್ದುಪಡಿಯಲ್ಲಿ 100 ಆಯ್ತು, ಹಳೇ ಫಾರ್ಮ್ ತಲೆ ಮೇಲೆ ಇನ್ನೂ 20 ಅಂತಾನೇ ಬರ್ಕೊಂಡಿರುತ್ತೆ.

ಆಮೇಲೆ ರಿಜಿಸ್ಟ್ರೇಷನ್ ಬೇಕಾ ಬೇಡ್ವಾ ಅಂತ ತಿಳ್ಕೊಳ್ಳಿ. ಬಾಡಿಗೆ ಕರಾರಿಗೆ 11 ತಿಂಗಳು ಅಂತ ಹಾಕೋದ್ಯಾಕೆ ಗೊತ್ತಲ್ಲ, ಒಂದು ವರ್ಷ ದಾಟಿದ್ರೆ ರಿಜಿಸ್ಟರ್ ಮಾಡ್ಲೇಬೇಕು ಅಂತ 1908ರ ನೋಂದಣಿ ಕಾಯ್ದೆ ಹೇಳುತ್ತೆ. ಆದ್ರೆ ಇದೇ 11 ತಿಂಗಳ ಫಾರ್ಮ್ ಹಿಡ್ಕೊಂಡು ಪುಣೆಗೋ ಮುಂಬೈಗೋ ಹೋದ್ರೆ ನಡೆಯಲ್ಲ, ಅಲ್ಲಿನ 1999ರ ಬಾಡಿಗೆ ಕಾಯ್ದೆ ಪ್ರಕಾರ ಎಷ್ಟೇ ತಿಂಗಳಿದ್ರೂ ಬರವಣಿಗೆಯಲ್ಲಿದ್ದು ರಿಜಿಸ್ಟರ್ ಆಗಿರ್ಬೇಕು, ಆ ಜವಾಬ್ದಾರಿ ಓನರ್‌ದು, ಮಾಡಿಸ್ದೇ ಇದ್ರೆ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಡೆಯುತ್ತೆ, ಅಲ್ಲ ಅಂತ ಓನರ್ರೇ ಸಾಬೀತು ಮಾಡ್ಬೇಕು. ನೋಟರಿ ಮಾಡ್ಸಿದ್ದೀವಲ್ಲ ಅಂತಾರೆ ತುಂಬಾ ಜನ. ನೋಟರಿ ಸೀಲು ರಿಜಿಸ್ಟ್ರೇಷನ್ನಿಗೆ ಬದಲಿ ಆಗಲ್ಲ, ಯಾವ ರಾಜ್ಯದಲ್ಲೂ.

ಈಗ ಸ್ಟ್ಯಾಂಪಿನ ವಿಚಾರ, ಇಲ್ಲಿ ಸ್ವಲ್ಪ ನಿಧಾನ ಮಾಡಿ. ನಕಲಿ ಛಾಪಾ ಕಾಗದದ ತೆಲಗಿ ಹಗರಣ ಆದ್ಮೇಲೆ ನಮ್ಮಲ್ಲಿ ಹಳೇ ಛಾಪಾ ಕಾಗದ ಹೋಗಿ ಇ-ಸ್ಟ್ಯಾಂಪ್ ಬಂತು. ಕೈಗೆ ಬಂದ ತಕ್ಷಣ ಮಡಚಿ ಇಟ್ಕೋಬೇಡಿ, ಕೌಂಟರ್ ಹತ್ರಾನೇ ನಿಂತು ಓದಿ. ಫಸ್ಟ್ ಪಾರ್ಟಿ, ಸೆಕೆಂಡ್ ಪಾರ್ಟಿ ಹೆಸ್ರು ಒಳಗಿನ ಪತ್ರದಲ್ಲಿ ಇದ್ದ ಹಾಗೇ ಇದ್ಯಾ, ಸ್ಪೆಲ್ಲಿಂಗ್ ಸರಿಯಿದ್ಯಾ. ಆರ್ಟಿಕಲ್ ನಂಬರ್ ಅಂತ ಒಂದು ಸಾಲಿರುತ್ತೆ ನೋಡಿ, ಸ್ಟ್ಯಾಂಪ್ ಕಾಯ್ದೆಯ ಪಟ್ಟಿಯಲ್ಲಿ ಆ ಥರದ ಪತ್ರಕ್ಕಿರೋ ನಂಬರ್ ಅದು, ನಮ್ಮಲ್ಲಿ ಅಫಿಡವಿಟ್ಟಿಗೆ 4, ಬಾಡಿಗೆ ಕರಾರಿಗೆ 30, ಪವರ್ ಆಫ್ ಅಟಾರ್ನಿಗೆ 41. ತಾರೀಖೂ ಮುಖ್ಯ, ಸೈನ್ ಮಾಡೋ ಮುಂಚೆ ಇಲ್ಲಾ ಸೈನ್ ಮಾಡೋ ಹೊತ್ತಿಗೆ ಸ್ಟ್ಯಾಂಪ್ ಆಗಿರ್ಬೇಕು ಅನ್ನೋದು ಕಾಯ್ದೆ. ಕರಾರು ಒಂದನೇ ತಾರೀಖು, ಸ್ಟ್ಯಾಂಪು ಹತ್ತನೇ ತಾರೀಖು ಅಂತಿದ್ರೆ ಎದುರು ಪಾರ್ಟಿ ಲಾಯರ್ ಬಿಡ್ತಾರಾ?

ಸ್ಟ್ಯಾಂಪ್ ಕಮ್ಮಿ ಬಿದ್ರೆ ಪತ್ರ ಸುಳ್ಳಾಗಲ್ಲ, ಆದ್ರೆ ಕೋರ್ಟಲ್ಲಿ ಸಾಕ್ಷಿಯಾಗಿ ತಗೊಳ್ಳಲ್ಲ. ತಗೋಬೇಕು ಅಂದ್ರೆ ಕಮ್ಮಿ ಆದಷ್ಟು ಹಣ ಪ್ಲಸ್ ಅದರ 10 ಪಟ್ಟು ದಂಡ, ಕರ್ನಾಟಕದ ಕಾಯ್ದೆಯಲ್ಲಿ ಇದನ್ನ ಇಳಿಸೋ ಅಧಿಕಾರ ಕೋರ್ಟಿಗಿಲ್ಲ ಅಂತ ಸುಪ್ರೀಂ ಕೋರ್ಟೇ 2018ರಲ್ಲಿ ಹೇಳಿದೆ. ಇದು ಜಾಸ್ತಿ ಹೊಡೆಯೋದು ಸೇಲ್ ಅಗ್ರಿಮೆಂಟಲ್ಲಿ. ಫಾರ್ಮ್‌ನಲ್ಲಿ ಎಲ್ಲೋ ಮಧ್ಯದಲ್ಲಿ "ಸ್ವತ್ತಿನ ಸ್ವಾಧೀನವನ್ನು ಈ ದಿನವೇ ಬಿಟ್ಟುಕೊಟ್ಟಿರುತ್ತೇನೆ" ಅಂತ ಒಂದು ಸಾಲು ಇರುತ್ತೆ, ಸ್ವಾಧೀನ ಕೊಡ್ದೇ ಇದ್ರೂ ಫಾರ್ಮಲ್ಲಿ ಇತ್ತಲ್ಲ ಅಂತ ಬಿಟ್ಟಿರ್ತಾರೆ. ಆ ಒಂದು ಸಾಲಿಗೆ ನಮ್ಮಲ್ಲಿ ಕ್ರಯಪತ್ರಕ್ಕೆ ಕಟ್ಟೋವಷ್ಟೇ ಸ್ಟ್ಯಾಂಪ್ ಡ್ಯೂಟಿ ಬೀಳುತ್ತೆ. ನಿಜವಾಗ್ಲೂ ಕೊಟ್ಟಿಲ್ಲ ಅಂದ್ರೆ ಆ ಸಾಲು ತೆಗೀರಿ, ಕೊಟ್ಟಿದ್ರೆ ಪೂರ್ತಿ ಡ್ಯೂಟಿ ಕಟ್ಟಿ, ನಡುವಿನ ದಾರಿ ಹುಡುಕೋದು ಬೇಡ.

ಜಿಪಿಎ ಬೇರೆ ರಾಜ್ಯದಲ್ಲೋ ಫಾರಿನ್ನಲ್ಲೋ ಮಾಡ್ಸಿ ಇಲ್ಲಿಗೆ ಕಳಿಸಿದ್ರೆ, ಇಲ್ಲಿಗೆ ಬಂದು ಮುಟ್ಟಿದ 3 ತಿಂಗಳೊಳಗೆ ಇಲ್ಲಿನ ಸ್ಟ್ಯಾಂಪ್ ಮಾಡ್ಸ್ಬೇಕು. ಬೇರೆ ರಾಜ್ಯದಲ್ಲಿ ಕಟ್ಟಿದ್ದನ್ನ ಕಳೆದು ಉಳಿದದ್ದು ಕಟ್ಟಿದ್ರೆ ಸಾಕು, ಬಂದ ಕವರ್ ಮಾತ್ರ ಎಸೀಬೇಡಿ, ಯಾವಾಗ ತಲುಪ್ತು ಅನ್ನೋಕೆ ಅದೇ ಆಧಾರ. ಇನ್ನು ಜಿಪಿಎ ಮೇಲೇ ಸೈಟ್ ಮಾರ್ತೀವಿ ಅನ್ನೋರ ಹತ್ರ ವ್ಯವಹಾರಾನೇ ಬೇಡ, ಅದ್ರಿಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ತೀರ್ಪು ಕೊಟ್ಟಾಗಿದೆ.

ವಿಲ್ ಒಂದು ಸುಲಭ. ಸ್ಟ್ಯಾಂಪೇ ಬೇಡ, ಬಿಳಿ ಹಾಳೇಲಿ ಬರೆದ್ರೂ ನಡೆಯುತ್ತೆ, ರಿಜಿಸ್ಟ್ರೇಷನ್ ನಿಮ್ಮಿಷ್ಟ, ಮಾಡ್ಸಿದ್ರೆ ಮುಂದೆ ತಕರಾರು ಬಂದಾಗ ಅನುಕೂಲ ಅಷ್ಟೆ. ಆದ್ರೆ 2 ಸಾಕ್ಷಿ ಬೇಕೇ ಬೇಕು, ನೀವು ಸೈನ್ ಮಾಡಿದ್ದನ್ನ ನೋಡಿರ್ಬೇಕು ಇಲ್ಲಾ ಇದು ನನ್ನ ಸೈನೇ ಅಂತ ನೀವು ಹೇಳಿದ್ದನ್ನ ಕೇಳಿರ್ಬೇಕು, ಆಮೇಲೆ ಅವ್ರು ನಿಮ್ಮ ಮುಂದೇನೇ ಸೈನ್ ಹಾಕ್ಬೇಕು. ಆಸ್ತಿ ಸಿಗೋ ಮಗನ್ನೋ ಸೊಸೇನೋ ಸಾಕ್ಷಿ ಮಾಡ್ಬೇಡಿ, ನಿಮಗಿಂತ ಚಿಕ್ಕ ವಯಸ್ಸಿನ, ವಿಳಾಸ ಗೊತ್ತಿರೋ ಇಬ್ರನ್ನ ಕರೀರಿ. ಮುಂದೆ ಕೋರ್ಟಿಗೆ ಬಂದು ಹೇಳ್ಬೇಕಾಗೋದು ಅವ್ರೇ.