ಹೊಸೆ ಮುಹಿಕಾ ರಾಜಕೀಯ ಬದುಕನ್ನು ತಪ್ಪಿಲ್ಲದೆ ಬರೆಯುವುದು ಹೇಗೆ

ಉರುಗ್ವೆಯ ಮಾಜಿ ಅಧ್ಯಕ್ಷ ಹೊಸೆ ಮುಹಿಕಾ ಕುರಿತ ಬರಹಗಳು ಸಾಮಾನ್ಯವಾಗಿ ಅವರ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಿಂದ ಶುರುವಾಗಿ ಹೂವಿನ ತೋಟದಲ್ಲಿ ಮುಗಿಯುತ್ತವೆ. ನಡುವಿನ ಅರ್ಧ ಶತಮಾನದ ರಾಜಕಾರಣಕ್ಕೆ ಎರಡು ಸಾಲೂ ಸಿಗುವುದಿಲ್ಲ. ಪತ್ರಿಕೆಗೋ ವಿಕಿಪೀಡಿಯಕ್ಕೋ ಕಾಲೇಜಿನ ಪ್ರಬಂಧಕ್ಕೋ ಅವರ ಬಗ್ಗೆ ಬರೆಯಹೊರಟವರು ಸರಳ ಬದುಕಿನ ಕಥೆಯನ್ನು ಕೊನೆಗೆ ಇಟ್ಟುಕೊಳ್ಳಲಿ. ಮೊದಲು ಆಗಬೇಕಾದ್ದು ಇಸವಿಗಳ ಕೆಲಸ.

ಒಂದು ಹಾಳೆಯಲ್ಲಿ ಎರಡು ಅಂಕಣ ಹಾಕಿಕೊಳ್ಳಿ. ಎಡಕ್ಕೆ ಮುಹಿಕಾ, ಬಲಕ್ಕೆ ಉರುಗ್ವೆ. ಎಡಗಡೆ 1935ರ ಮೇ 20ರ ಜನನದಿಂದ ಆರಂಭಿಸಿ. ರಾಜಕೀಯಕ್ಕೆ ಬಂದದ್ದು ಎಡಪಕ್ಷದ ಮೂಲಕವಲ್ಲ, ಸಂಪ್ರದಾಯವಾದಿ ನ್ಯಾಷನಲ್ ಪಾರ್ಟಿಯ ಯುವಘಟಕದ ಮೂಲಕ. ಅಲ್ಲಿ ಎನ್ರಿಕೆ ಎರ್ರೊ ಎಂಬ ನಾಯಕನ ಜತೆಗಿದ್ದರು. 1962ರಲ್ಲಿ ಎರ್ರೊ ಪಕ್ಷ ಬಿಟ್ಟು ಸಮಾಜವಾದಿಗಳೊಂದಿಗೆ ಯೂನಿಯನ್ ಪಾಪ್ಯುಲರ್ ಕಟ್ಟಿದಾಗ ಮುಹಿಕಾ ಕೂಡ ಹೊರಬಂದರು. ಆ ಕೂಟ ಚುನಾವಣೆಯಲ್ಲಿ ನೆಲಕಚ್ಚಿತು. ತುಪಮಾರೊ ಗೆರಿಲ್ಲಾ ಸಂಘಟನೆ ಸೇರಿದ್ದು ಇದಾದ ಮೇಲೆ. ಈ ಹಂತ ಬಿಟ್ಟುಬಿಟ್ಟರೆ, ಮುಂದೆ ಅವರು ಹಳ್ಳಿಗಾಡಿನ ಮತದಾರರ ಜತೆ ಅಷ್ಟು ಸಲೀಸಾಗಿ ಮಾತಾಡಿದ್ದು ಹೇಗೆ ಎಂಬುದು ಓದುಗರಿಗೆ ಅರ್ಥವಾಗುವುದಿಲ್ಲ.

ಬಲಗಡೆ ಒಂದು ದಿನಾಂಕವನ್ನು ಕೆಂಪು ಶಾಯಿಯಲ್ಲಿ ಬರೆಯಿರಿ: 1973ರ ಜೂನ್ 27, ಸೇನೆಯ ಬೆಂಬಲದೊಂದಿಗೆ ಸಂಸತ್ತನ್ನು ಮುಚ್ಚಿದ ದಿನ. ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲೇ. ‘ಸರ್ವಾಧಿಕಾರದ ವಿರುದ್ಧ ಬಂದೂಕು ಹಿಡಿದವರು’ ಎಂದು ಬರೆದುಬಿಡುತ್ತಾರೆ. ಆದರೆ ತುಪಮಾರೊಗಳು ಬ್ಯಾಂಕ್ ದರೋಡೆ, ಅಪಹರಣಗಳನ್ನು ನಡೆಸಿದ್ದು, 1969ರ ಅಕ್ಟೋಬರ್ 8ರಂದು ಪಾಂಡೊ ಪಟ್ಟಣವನ್ನು ಕೆಲಹೊತ್ತು ವಶಕ್ಕೆ ತೆಗೆದುಕೊಂಡಿದ್ದು, ಎಲ್ಲವೂ ಚುನಾಯಿತ ಸರ್ಕಾರಗಳ ಕಾಲದಲ್ಲಿ. 1970ರಲ್ಲಿ ಮೊಂಟೆವಿಡಿಯೊದ ಬಾರೊಂದರಲ್ಲಿ ಪೊಲೀಸರ ಆರು ಗುಂಡು ಮುಹಿಕಾ ಮೈಹೊಕ್ಕವು. 1971ರ ಸೆಪ್ಟೆಂಬರಿನಲ್ಲಿ ನೂರಕ್ಕೂ ಹೆಚ್ಚು ಕೈದಿಗಳ ಜತೆ ಸುರಂಗದ ಮೂಲಕ ಪುಂತಾ ಕರೆತಾಸ್ ಜೈಲಿನಿಂದ ತಪ್ಪಿಸಿಕೊಂಡರು. (ಆ ಜೈಲು ಈಗ ಶಾಪಿಂಗ್ ಮಾಲ್.) ಕೊನೆಯ ಬಾರಿ ಸಿಕ್ಕಿಬಿದ್ದಿದ್ದು 1972ರಲ್ಲಿ, ಅಂದರೆ ಸೇನಾ ಆಡಳಿತ ಬರುವ ಮೊದಲೇ. ಎರಡು ಅಂಕಣವನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಈ ತಪ್ಪು ಆಗುವುದೇ ಇಲ್ಲ. ಸತ್ಯ ಹೇಳಿದರೆ ಅವರ ಮೇಲಿನ ಗೌರವ ಕುಗ್ಗುತ್ತದೆ ಎಂದು ಹಿಂಜರಿಯಬೇಕಿಲ್ಲ. ಬಂದೂಕಿನಿಂದ ಮತಪೆಟ್ಟಿಗೆಗೆ ಬಂದ ದಾರಿಯೇ ಅವರ ಬದುಕಿನ ದೊಡ್ಡ ಸಂಗತಿ, ಅದನ್ನು ಮರೆಮಾಚಿದರೆ ಬರೆಯಲು ಏನೂ ಉಳಿಯುವುದಿಲ್ಲ.

ಸರ್ವಾಧಿಕಾರ ಬಂದ ಮೇಲೆ ನಡೆದ ಕ್ರೌರ್ಯವನ್ನೂ ಅಷ್ಟೇ ಖಚಿತವಾಗಿ ಬರೆಯಬೇಕು. 1973ರ ಸೆಪ್ಟೆಂಬರಿನಿಂದ ಒಂಬತ್ತು ತುಪಮಾರೊ ನಾಯಕರನ್ನು ಒತ್ತೆಯಾಳುಗಳಂತೆ ಸೇನಾ ಬ್ಯಾರಕ್‌ಗಳಲ್ಲಿ ಇಟ್ಟರು. ಸಂಘಟನೆ ಮತ್ತೆ ತಲೆಯೆತ್ತಿದರೆ ಇವರನ್ನು ಕೊಲ್ಲುತ್ತೇವೆ ಎಂಬುದು ಬೆದರಿಕೆ. ಮೂವರ ಮೂರು ಗುಂಪು ಮಾಡಿ, ಒಬ್ಬೊಬ್ಬರನ್ನೂ ಒಂಟಿ ಕೋಣೆಯಲ್ಲಿಟ್ಟು, ಬ್ಯಾರಕ್‌ನಿಂದ ಬ್ಯಾರಕ್‌ಗೆ ಸಾಗಿಸುತ್ತಿದ್ದರು. ಮುಹಿಕಾ ಗುಂಪಿನಲ್ಲಿದ್ದ ಎಲೆಉತೆರಿಯೊ ಫೆರ್ನಾಂಡೆಸ್ ಉಯಿದೊಬ್ರೊ ಮುಂದೆ 2011ರಲ್ಲಿ ಮುಹಿಕಾ ಸರ್ಕಾರದಲ್ಲೇ ರಕ್ಷಣಾ ಸಚಿವರಾದರು. ಜೈಲುವಾಸದ ಲೆಕ್ಕ 12, 13, 14 ವರ್ಷ ಎಂದು ಒಂದೊಂದು ಕಡೆ ಒಂದೊಂದು ಥರ ಕಾಣುತ್ತದೆ. 1972ಕ್ಕೆ ಮೊದಲಿನ ಬಂಧನಗಳನ್ನು ಸೇರಿಸಿದರೆ ಲೆಕ್ಕ ಬದಲಾಗುತ್ತದೆ. ‘1972ರಿಂದ 1985ರ ಮಾರ್ಚ್‌ವರೆಗೆ ಸತತವಾಗಿ’ ಎಂದು ಬರೆದರೆ ತಂಟೆಯಿಲ್ಲ. ಬಿಡುಗಡೆಯಾದದ್ದು ಪ್ರಜಾಪ್ರಭುತ್ವ ಮರಳಿದ ಕೂಡಲೇ ಬಂದ ಕ್ಷಮಾದಾನ ಕಾನೂನಿನಿಂದ.

ಮುಂದಿನ ಹಂತ ಚುನಾವಣೆ. ಪಕ್ಷದ ಹೆಸರಲ್ಲಿ ಎಡವಬೇಡಿ. ಫ್ರೆಂತೆ ಆಂಪ್ಲಿಯೊ ಎಂಬುದು ಎಡಪಕ್ಷಗಳ ಮೈತ್ರಿಕೂಟ. ಅದರೊಳಗೆ ಮುಹಿಕಾ ಅವರದು 1989ರಲ್ಲಿ ಹುಟ್ಟಿದ ಎಂಪಿಪಿ (ಜನಭಾಗವಹಿಕೆ ಚಳವಳಿ ಎಂಬರ್ಥದ ಸ್ಪ್ಯಾನಿಷ್ ಹೆಸರಿನ ಹ್ರಸ್ವರೂಪ) ಬಣ, ಮತಪತ್ರದಲ್ಲಿ ಅದರ ಪಟ್ಟಿ ಸಂಖ್ಯೆ 609. 1994ರ ಚುನಾವಣೆಯಲ್ಲಿ ಕೆಳಮನೆಗೆ, 1999ರಲ್ಲಿ ಸೆನೆಟ್‌ಗೆ ಆಯ್ಕೆ. 2005ರಿಂದ 2008ರವರೆಗೆ ತಬಾರೆ ವಾಸ್ಕೆಸ್ ಸರ್ಕಾರದಲ್ಲಿ ಪಶುಸಂಗೋಪನೆ, ಕೃಷಿ ಮತ್ತು ಮೀನುಗಾರಿಕೆ ಸಚಿವ.

2009ರ ಚುನಾವಣೆಗೆ ಮೂರು ದಿನಾಂಕ ಬೇಕು. ಉರುಗ್ವೆಯಲ್ಲಿ ಎಲ್ಲ ಪಕ್ಷಗಳ ಒಳಚುನಾವಣೆ ಒಂದೇ ದಿನ, ಜೂನ್ ಕೊನೆಯ ಭಾನುವಾರ. ಮುಖ್ಯ ಚುನಾವಣೆ ಅಕ್ಟೋಬರ್ ಕೊನೆಯ ಭಾನುವಾರ. ಅಲ್ಲಿ ಯಾರೂ ಅರ್ಧದ ಗೆರೆ ದಾಟದಿದ್ದರೆ ನವೆಂಬರ್ ಕೊನೆಯ ಭಾನುವಾರ ಎರಡನೇ ಸುತ್ತು. ಜೂನ್ 28ರಂದು ಮುಹಿಕಾ ತಮ್ಮದೇ ಕೂಟದ ದನಿಲೊ ಅಸ್ತೋರಿಯನ್ನು ಸೋಲಿಸಿ, ಆಮೇಲೆ ಅವರನ್ನೇ ಉಪಾಧ್ಯಕ್ಷ ಅಭ್ಯರ್ಥಿ ಮಾಡಿಕೊಂಡರು. ಅಕ್ಟೋಬರ್ 25ರಂದು ಶೇ 48ರ ಹತ್ತಿರ ಮತ. ನವೆಂಬರ್ 29ರಂದು ನ್ಯಾಷನಲ್ ಪಾರ್ಟಿಯ ಲೂಯಿಸ್ ಆಲ್ಬೆರ್ತೊ ಲಕಾಯೆ ವಿರುದ್ಧ ಗೆಲುವು. ಗೆಲುವಿನ ಪ್ರಮಾಣ ಒಂದು ಕಡೆ ಶೇ 52.4, ಇನ್ನೊಂದು ಕಡೆ ಶೇ 54.6 ಎಂದು ಕಂಡರೆ ಗಾಬರಿ ಬೇಡ. ಖಾಲಿ ಮತ್ತು ಅಸಿಂಧು ಮತಗಳನ್ನೂ ಸೇರಿಸಿ ಭಾಗಿಸಿದರೆ ಮೊದಲನೆಯದು, ಇಬ್ಬರು ಅಭ್ಯರ್ಥಿಗಳ ಮತಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಎರಡನೆಯದು. ಒಂದನ್ನು ಆರಿಸಿಕೊಂಡು ಎದುರಾಳಿಯ ಪ್ರಮಾಣವನ್ನೂ ಅದೇ ಲೆಕ್ಕದಲ್ಲಿ ಕೊಡಿ.

2010ರ ಮಾರ್ಚ್ 1ರಂದು ಅವರಿಗೆ ಪ್ರಮಾಣವಚನ ಬೋಧಿಸಿದ್ದು ಪತ್ನಿ, ಸೆನೆಟರ್ ಲೂಸಿಯಾ ತೊಪೊಲಾನ್ಸ್ಕಿ. ಇದನ್ನು ದಾಂಪತ್ಯದ ಸುದ್ದಿಯಾಗಿ ಬರೆಯುವವರೇ ಜಾಸ್ತಿ. ಗೆದ್ದ ಪಕ್ಷದಲ್ಲಿ ಅತಿ ಹೆಚ್ಚು ಮತ ಪಡೆದ ಪಟ್ಟಿಯ ಮೊದಲ ಸೆನೆಟರ್‌ಗೆ ಆ ಕರ್ತವ್ಯ ಬರುತ್ತದೆ. ಆ ಪಟ್ಟಿ 609 ಆಗಿತ್ತು. ಮೈತ್ರಿಕೂಟದೊಳಗೆ ಮುಹಿಕಾ ಬಣದ ತೂಕ ಎಷ್ಟಿತ್ತು ಎಂಬುದು ಈ ಒಂದು ದೃಶ್ಯದಲ್ಲೇ ಗೊತ್ತಾಗುತ್ತದೆ.

ಆಡಳಿತದ ಭಾಗ ಬರೆಯುವಾಗ ಸಂಸತ್ತಿನ ಲೆಕ್ಕ ಪಕ್ಕದಲ್ಲಿರಲಿ: ಕೆಳಮನೆಯ 99ರಲ್ಲಿ 50, ಸೆನೆಟ್‌ನ 30ರಲ್ಲಿ 16, ಜತೆಗೆ ಉಪಾಧ್ಯಕ್ಷರ ಮತ. ಗರ್ಭಪಾತವನ್ನು ಕಾನೂನುಬದ್ಧಗೊಳಿಸಿದ ಮಸೂದೆ 2012ರಲ್ಲಿ ಕೆಳಮನೆಯಲ್ಲಿ 50–49ರಿಂದ, ಸೆನೆಟ್‌ನಲ್ಲಿ 17–14ರಿಂದ ಪಾಸಾಯಿತು. ಇಂಥದ್ದೇ ಮಸೂದೆಯನ್ನು 2008ರಲ್ಲಿ ತಡೆದದ್ದು ಅವರದೇ ಪಕ್ಷದ ವಾಸ್ಕೆಸ್. ಗಾಂಜಾವನ್ನು ಕಾನೂನುಬದ್ಧಗೊಳಿಸಿದ ಮಸೂದೆ 2013ರ ಜುಲೈನಲ್ಲಿ ಕೆಳಮನೆಯಲ್ಲಿ 50–46, ಡಿಸೆಂಬರಿನಲ್ಲಿ ಸೆನೆಟ್‌ನಲ್ಲಿ 16–13. ಒಬ್ಬ ಸದಸ್ಯ ಕೈಕೊಟ್ಟರೂ ಕುತ್ತು ಎಂಬಂಥ ಸ್ಥಿತಿ. ಸಲಿಂಗ ವಿವಾಹ ಕಾನೂನಿಗೆ ಮಾತ್ರ ವಿರೋಧ ಪಕ್ಷದ ಮತಗಳೂ ಧಾರಾಳವಾಗಿ ಬಂದವು. ಮೂರನ್ನೂ ‘ಮುಹಿಕಾ ತಂದ ಕಾನೂನು’ ಎಂದು ಒಂದೇ ಸಾಲಿನಲ್ಲಿ ಸೇರಿಸಬೇಡಿ. ಸರ್ಕಾರವೇ ಮುಂದಿಟ್ಟ ಪ್ರಸ್ತಾವ ಗಾಂಜಾ ಕುರಿತದ್ದು, ಉಳಿದವು ಸಂಸದರಿಂದ ಬಂದು ಅವರ ಸಹಿ ಪಡೆದವು. ಔಷಧಿ ಅಂಗಡಿಗಳಲ್ಲಿ ಗಾಂಜಾ ಮಾರಾಟ ಶುರುವಾದದ್ದು 2017ರ ಜುಲೈನಲ್ಲಿ, ಅವರು ಇಳಿದು ಎರಡು ವರ್ಷದ ಮೇಲೆ.

ಕೆಲಸ ಕೆಟ್ಟ ಕಡೆಗಳನ್ನೂ ಬರೆಯಿರಿ. ವಿಮಾನ ಸಂಸ್ಥೆ ಪ್ಲೂನಾ 2012ರಲ್ಲಿ ಮುಚ್ಚಿತು, ಆ ಗೊಂದಲದಲ್ಲೇ ಆರ್ಥಿಕ ಸಚಿವ ಫೆರ್ನಾಂದೊ ಲೊರೆನ್ಸೊ 2013ರ ಡಿಸೆಂಬರಿನಲ್ಲಿ ರಾಜೀನಾಮೆ ಕೊಟ್ಟರು. ಸೇನಾ ಕಾಲದ ಅಪರಾಧಿಗಳಿಗೆ ರಕ್ಷಣೆಯಾಗಿದ್ದ ಕಾನೂನನ್ನು ನಿರರ್ಥಕಗೊಳಿಸುವ ಮಸೂದೆ 2011ರ ಮೇ 20ರಂದು 49–49ಕ್ಕೆ ನಿಂತು ಬಿದ್ದುಹೋಯಿತು. ಅದರ ಬಗ್ಗೆ ಮುಹಿಕಾ ತೋರಿಸಿದ ಅನುಮಾನ ಸಂತ್ರಸ್ತ ಕುಟುಂಬಗಳಿಗೆ ಬಹಳ ನೋವುಂಟು ಮಾಡಿತು. ಒಂಟಿ ಸೆರೆ ಅನುಭವಿಸಿದ ಮನುಷ್ಯ ಹೀಗೇಕೆ ನಡೆದುಕೊಂಡರು ಎಂಬ ಪ್ರಶ್ನೆಗೆ ಒಂದು ಪ್ಯಾರಾವಾದರೂ ಮೀಸಲಿಡುವುದು ನ್ಯಾಯ.

ಸಂಬಳದ ವಿಷಯ ಈಗ ಬರಲಿ. ಹೆಚ್ಚಿನ ಪಾಲನ್ನು ಕೊಟ್ಟುಬಿಡುತ್ತಿದ್ದರು ನಿಜ, ಬಡವರ ಮನೆ ಕಟ್ಟುವ ಪ್ಲಾನ್ ಹುಂತೋಸ್ ಯೋಜನೆಗೂ ಅದು ಹೋಯಿತು. ಎಂಪಿಪಿಯ ಜನಪ್ರತಿನಿಧಿಗಳು ಸಂಬಳದ ಭಾಗವನ್ನು ಬಣದ ನಿಧಿಗೆ ಕೊಡುವ ಪದ್ಧತಿಯೂ ಇದೆ. ಅದನ್ನು ಸೇರಿಸಿದರೆ ಈ ದಾನಕ್ಕೆ ರಾಜಕೀಯ ಹಿನ್ನೆಲೆ ಸಿಗುತ್ತದೆ. ‘2015ರಲ್ಲಿ ಅಧಿಕಾರ ತ್ಯಾಗ ಮಾಡಿದರು’ ಎಂಬ ಸಾಲು ಇದ್ದರೆ ಹೊಡೆದುಹಾಕಿ. ಉರುಗ್ವೆಯ ಸಂವಿಧಾನದಲ್ಲಿ ಅಧ್ಯಕ್ಷರು ಬೆನ್ನುಬೆನ್ನಿಗೆ ಎರಡನೇ ಅವಧಿಗೆ ನಿಲ್ಲುವಂತಿಲ್ಲ.

ಕೊನೆಯ ಭಾಗ ಚಿಕ್ಕದು. 2015ರಿಂದ ಸೆನೆಟರ್, 2018ರ ಆಗಸ್ಟ್‌ನಲ್ಲಿ ರಾಜೀನಾಮೆ, 2019ರಲ್ಲಿ ಮತ್ತೆ ಆಯ್ಕೆ. 2020ರ ಅಕ್ಟೋಬರ್ 20ರಂದು ಇನ್ನೊಬ್ಬ ಮಾಜಿ ಅಧ್ಯಕ್ಷ, ಎದುರು ಪಕ್ಷದ ಹೂಲಿಯೊ ಮರಿಯಾ ಸಂಗಿನೆತ್ತಿ ಜತೆ ಒಂದೇ ದಿನ ಸೆನೆಟ್ ಬಿಟ್ಟರು. ಅವರ ಬಣದ ಯಮಾಂಡು ಓರ್ಸಿ 2025ರ ಮಾರ್ಚ್ 1ರಂದು ಅಧ್ಯಕ್ಷರಾದರು. ಮುಹಿಕಾ ತೀರಿಕೊಂಡದ್ದು ಅದೇ ವರ್ಷದ ಮೇ 13ರಂದು. ಹುಟ್ಟುಹಬ್ಬಕ್ಕೆ ಇನ್ನೂ ಒಂದು ವಾರವಿತ್ತು, ಹಾಗಾಗಿ ವಯಸ್ಸನ್ನು 90 ಎನ್ನದೆ 89 ಎಂದೇ ಬರೆಯಿರಿ.