ಪ್ಯಾಕೇಜಿನ ಆಚೆಗಿನ ಬಿಲ್: ಐವಿಎಫ್ ಖರ್ಚಿಗೆ ನಾವು ಲೆಕ್ಕ ಹಾಕಿದ ಬಗೆ

ಐವಿಎಫ್, ಅಂದರೆ ಪ್ರನಾಳ ಶಿಶು ಚಿಕಿತ್ಸೆಯ ಕ್ಲಿನಿಕ್‌ನವರು ಹೇಳುವ ಪ್ಯಾಕೇಜ್ ದರ ಮದುವೆ ಛತ್ರದ ಬಾಡಿಗೆ ಇದ್ದ ಹಾಗೆ. ಪಾತ್ರೆ, ಕರೆಂಟು, ಕಸ ತೆಗೆಯೋದು ಎಲ್ಲ ಬೇರೆ. ಸಾಮಾನ್ಯವಾಗಿ ಒಳಗಿರುವುದು ಸ್ಕ್ಯಾನ್, ಅಂಡಾಣು ತೆಗೆಯುವುದು, ಲ್ಯಾಬ್ ಕೆಲಸ, ಒಂದು ಸಲದ ಭ್ರೂಣ ವರ್ಗಾವಣೆ (ಭ್ರೂಣವನ್ನು ಗರ್ಭಕೋಶಕ್ಕೆ ಹಾಕುವುದು). ಹೊರಗುಳಿಯುವುದು ಇಂಜೆಕ್ಷನ್, ಅರಿವಳಿಕೆ ಕೊಡುವವರ ಫೀಸು, ಇಕ್ಸಿ (ಒಂದೊಂದು ಅಂಡಾಣುವಿಗೂ ಒಂದು ವೀರ್ಯಾಣುವನ್ನು ಸೂಜಿಯಲ್ಲಿ ಸೇರಿಸುವುದು), ಭ್ರೂಣ ಫ್ರೀಜ್ ಮಾಡುವುದು, ಅದನ್ನು ಇಟ್ಟುಕೊಳ್ಳುವ ವರ್ಷದ ಬಾಡಿಗೆ, ಮುಂದೆ ಅದೇ ಭ್ರೂಣ ಹಾಕಿಸುವ ಖರ್ಚು. ಈ ಆರನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಪ್ರತಿಯೊಂದರ ಮುಂದೆ ಮೊತ್ತ ಬರೆಸಿಕೊಂಡೆವು. ಮೊಟ್ಟೆ (ಅಂಡಾಣು) ಸರಿಯಾಗಿ ಬೆಳೆಯದೆ ಸೈಕಲ್, ಅಂದರೆ ಆ ಸುತ್ತಿನ ಚಿಕಿತ್ಸೆ, ರದ್ದಾದರೆ ಎಷ್ಟು ವಾಪಸ್ ಅನ್ನುವುದು ಏಳನೇ ಸಾಲು. ಕೂಡಿಸಿದ ಮೇಲೆ, ಎಲ್ಲಕ್ಕಿಂತ ಕಡಿಮೆ ಪ್ಯಾಕೇಜ್ ಹೇಳಿದ ಕಡೆಯೇ ಮೊತ್ತ ದೊಡ್ಡದಾಗಿತ್ತು.

ಅದಕ್ಕೂ ಮೊದಲು ಪರೀಕ್ಷೆ. ಅಗ್ಗದ ಪರೀಕ್ಷೆ ಗಂಡಸಿನದು, ಆದರೆ ನಮ್ಮ ಮನೆಗಳಲ್ಲಿ ಅದು ಕೊನೆಗೆ ಆಗುತ್ತದೆ. ವೀರ್ಯ ಪರೀಕ್ಷೆಗೆ ಹಿಂದಿನ ಸ್ಖಲನದಿಂದ 2ರಿಂದ 7 ದಿನದ ಅಂತರ ಬೇಕು. ಮನೆಯಿಂದ ತರುವುದಾದರೆ ಒಂದು ಗಂಟೆಯೊಳಗೆ ಲ್ಯಾಬ್‌ಗೆ ತಲುಪಬೇಕು, ಡಬ್ಬಿ ಮೈಬಿಸಿಯಲ್ಲಿ, ಶರ್ಟಿನ ಒಳಗೆ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಕೆಳಮಿತಿ ಹೀಗಿದೆ: ಪ್ರಮಾಣ 1.4 ಮಿಲಿ, ಮಿಲಿಗೆ 1.6 ಕೋಟಿ ವೀರ್ಯಾಣು, ಚಲನೆ ಶೇ 42. ಒಂದು ರಿಪೋರ್ಟ್ ಕೆಟ್ಟಿತೆಂದು ಗಾಬರಿ ಬೇಡ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುತ್ತದೆ, ನಡುವೆ ಜೋರು ಜ್ವರ ಬಂದಿದ್ದರೂ ಸಂಖ್ಯೆ ಇಳಿಯುತ್ತದೆ. ಮತ್ತೊಮ್ಮೆ ಮಾಡಿಸಿ ನೋಡಬೇಕು. ಹೆಂಗಸಿನ ಹಾರ್ಮೋನ್ ರಕ್ತಪರೀಕ್ಷೆಗಳಲ್ಲಿ ಎಎಂಎಚ್ ಯಾವ ದಿನವಾದರೂ ಆಗುತ್ತದೆ, ಎಫ್‌ಎಸ್‌ಎಚ್ ಮಾತ್ರ ಮುಟ್ಟಿನ 2 ಅಥವಾ 3ನೇ ದಿನ. ಎಎಂಎಚ್ ಹೇಳುವುದು ಮೊಟ್ಟೆ ಎಷ್ಟು ಉಳಿದಿವೆ ಅನ್ನುವುದನ್ನು, ಹೇಗಿವೆ ಅನ್ನುವುದನ್ನಲ್ಲ. ಗರ್ಭನಾಳದ ಎರಡೂ ಟ್ಯೂಬ್ ಮುಚ್ಚಿದ್ದರೆ ಐಯುಐಗೆ (ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ) ಹಾಕಿದ ದುಡ್ಡು ನೀರಿಗೆ ಹಾಕಿದಂತೆ.

ಇನ್ನು ಮೊಟ್ಟೆ ಬೆಳೆಸುವ ಹಾರ್ಮೋನ್ ಇಂಜೆಕ್ಷನ್. ಬಿಲ್ ಉಬ್ಬುವುದು ಇಲ್ಲೇ. ಬ್ರ್ಯಾಂಡ್ ಹೆಸರು ಬಿಟ್ಟು ಯೂನಿಟ್‌ನಲ್ಲಿ ಲೆಕ್ಕ ಹಾಕಿ. ದಿನಕ್ಕೆ 225 ಯೂನಿಟ್, 10 ದಿನ ಅಂದರೆ 2,250 ಯೂನಿಟ್. ಯೂನಿಟ್‌ಗೆ 15 ರೂಪಾಯಿ ಬಿದ್ದರೆ 33,750, ಅದೇ 25 ಬಿದ್ದರೆ 56,250. ಪೆಟ್ಟಿಗೆಯ ಎಂಆರ್‌ಪಿಯನ್ನು ಯೂನಿಟ್‌ನಿಂದ ಭಾಗಿಸಿ, ಕ್ಲಿನಿಕ್ ಫಾರ್ಮಸಿ ಮತ್ತು ಹೊರಗಿನ ಮೆಡಿಕಲ್ ಶಾಪ್ ಎರಡರ ದರ ಪಕ್ಕಪಕ್ಕ ಬರೆದುಕೊಂಡೆವು. ಕಡಿಮೆ ಬೆಲೆಯ ಬ್ರ್ಯಾಂಡ್ ಆಗುತ್ತದೆಯೇ ಎಂದು ಡಾಕ್ಟರನ್ನು ಮೊದಲ ದಿನವೇ ಕೇಳಬೇಕು. ನಡುವೆ ಬದಲಾಯಿಸುವುದು ಅವರಿಗೂ ಇಷ್ಟವಿಲ್ಲ. ಹತ್ತೂ ದಿನದ್ದು ಒಟ್ಟಿಗೆ ಕೊಳ್ಳಬೇಡಿ, ಸ್ಕ್ಯಾನ್ ನೋಡಿ ಡೋಸ್ ಬದಲಾಗುತ್ತದೆ. ಫ್ರಿಜ್‌ನಲ್ಲಿ ಇಡಬೇಕಾದ ಪೆನ್ 2ರಿಂದ 8 ಡಿಗ್ರಿಯಲ್ಲಿರಲಿ, ಫ್ರೀಜರ್‌ಗೆ ತಾಗುವ ಹಿಂಬದಿ ಗೋಡೆಗಲ್ಲ. ಹೆಪ್ಪುಗಟ್ಟಿದ ಪೆನ್ ಎಸೆಯಲಿಕ್ಕೇ ಸರಿ.

ಪುಡಿ ವಯಲ್ (ಸಣ್ಣ ಔಷಧಿ ಬಾಟಲಿ) ಆದರೆ ನಾವು ಕಲಸುತ್ತಿದ್ದ ಕ್ರಮ ಇದು. ದಪ್ಪ ಸೂಜಿಯಲ್ಲಿ 1 ಮಿಲಿ ದ್ರಾವಣ ಎಳೆದು, 75 ಯೂನಿಟ್‌ನ ಮೊದಲ ವಯಲ್‌ಗೆ ಗೋಡೆಗುಂಟ ಬಿಡಬೇಕು. ಕುಲುಕಬಾರದು, ನೊರೆ ಬಂದರೆ ಔಷಧಿ ಅದರಲ್ಲೇ ಉಳಿಯುತ್ತದೆ. ಅಂಗೈಯಲ್ಲಿ ಮೆಲ್ಲಗೆ ತಿರುಗಿಸಿದರೆ ಸಾಕು. ಕರಗಿದ್ದನ್ನು ಪೂರ್ತಿ ಎಳೆದು ಎರಡನೇ ವಯಲ್‌ಗೆ, ಅಲ್ಲಿಂದ ಮೂರನೆಯದಕ್ಕೆ. ಹೀಗೆ 225 ಯೂನಿಟ್ ಒಂದೇ ಮಿಲಿಯಲ್ಲಿ ಬರುತ್ತದೆ. ಚುಚ್ಚುವ ಮೊದಲು ಸಣ್ಣ ಸೂಜಿ ಹಾಕಿ ಗುಳ್ಳೆ ತೆಗೆಯಿರಿ. ಹೊಕ್ಕುಳಿನಿಂದ ಎರಡು ಇಂಚು ದೂರ, ಚರ್ಮ ಹಿಡಿದೆತ್ತಿ, ಇವತ್ತು ಎಡಕ್ಕೆ ನಾಳೆ ಬಲಕ್ಕೆ. ಒಂದು ಮೋಸದ ಜಾಗ ಇನ್ಸುಲಿನ್ ಸಿರಿಂಜ್. ಅದರ ಮೇಲಿನ ಗೆರೆ ಇನ್ಸುಲಿನ್ ಯೂನಿಟ್‌ನದು, ಈ ಔಷಧಿಯದಲ್ಲ. ಕೆಂಪು ಮುಚ್ಚಳದ್ದರಲ್ಲಿ 40 ಗೆರೆ ಅಂದರೆ 1 ಮಿಲಿ, ಕಿತ್ತಳೆ ಮುಚ್ಚಳದ್ದರಲ್ಲಿ 100 ಗೆರೆ ಅಂದರೆ 1 ಮಿಲಿ. ಮಿಲಿ ಲೆಕ್ಕವೇ ಲೆಕ್ಕ.

ಮೊಟ್ಟೆಯನ್ನು ಕೊನೆಯದಾಗಿ ಬಲಿಸುವ ಟ್ರಿಗರ್ ಇಂಜೆಕ್ಷನ್‌ಗೆ ಗಡಿಯಾರ ಮುಖ್ಯ. ಗುರುವಾರ ಬೆಳಿಗ್ಗೆ 9ಕ್ಕೆ ಅಂಡಾಣು ತೆಗೆಯುವುದಾದರೆ, 36 ಗಂಟೆ ಹಿಂದೆ ಅಂದರೆ ಮಂಗಳವಾರ ರಾತ್ರಿ 9ಕ್ಕೆ. ತುಂಬಾ ಮೊದಲೇ ಹಾಕಿದರೆ ಮೊಟ್ಟೆ ಆಗಲೇ ಹೊರಬಿದ್ದಿರುತ್ತದೆ, ತಡವಾದರೆ ಬಲಿತಿರುವುದಿಲ್ಲ. ತಪ್ಪಿದರೆ ಮುಚ್ಚಿಡದೆ ಆಗಲೇ ಫೋನ್ ಮಾಡಿ, ಕ್ಲಿನಿಕ್‌ನವರು ಓಟಿ (ಆಪರೇಷನ್ ಥಿಯೇಟರ್) ಸಮಯ ಹಿಂದೆಮುಂದೆ ಮಾಡುತ್ತಾರೆ. ಔಷಧಿ ಮಾತ್ರ ಹಿಂದಿನ ದಿನವೇ ಮನೆಯಲ್ಲಿರಲಿ. ರಾತ್ರಿ ಮೆಡಿಕಲ್ ಶಾಪ್ ಅಲೆದಾಟ ಬೇಡ. ಪಿಸಿಓಡಿ (ಅಂಡಾಶಯದಲ್ಲಿ ಸಣ್ಣ ಗುಳ್ಳೆಗಳು ತುಂಬಿರುವ ತೊಂದರೆ) ಇರುವವರು ಈ ದಿನಗಳಲ್ಲಿ ತೂಕ ನೋಡಿಕೊಳ್ಳಬೇಕು. ದಿನಕ್ಕೆ ಒಂದು ಕಿಲೋ ಏರಿ, ಹೊಟ್ಟೆ ಬಿಗಿದು, ಮೂತ್ರ ಕಡಿಮೆಯಾದರೆ ಕೂಡಲೇ ಆಸ್ಪತ್ರೆಗೆ.

ಆಮೇಲೆ ಸಂಖ್ಯೆ ಕರಗುತ್ತಾ ಹೋಗುತ್ತದೆ: ಹತ್ತು ಮೊಟ್ಟೆಯಲ್ಲಿ ಬಲಿತದ್ದು ಏಳೆಂಟು, ಫಲಿತವಾಗುವುದು ಐದಾರು, ಐದನೇ ದಿನಕ್ಕೆ ಭ್ರೂಣವಾಗಿ ಉಳಿಯುವುದು ಎರಡೋ ಮೂರೋ. ಇದು ಲ್ಯಾಬ್‌ನ ತಪ್ಪಲ್ಲ. ಈ ಹೊತ್ತಿನಲ್ಲಿ, ಕಂಗೆಟ್ಟಿರುವಾಗಲೇ, ‘ಇದನ್ನೂ ಸೇರಿಸೋಣ’ ಅನ್ನುವ ಪಟ್ಟಿ ಬರುತ್ತದೆ: ಭ್ರೂಣದ ಅಂಟು (ಗರ್ಭಕೋಶಕ್ಕೆ ಅಂಟಿಕೊಳ್ಳಲೆಂದು ಬಳಸುವ ದ್ರವ), ಗರ್ಭಕೋಶದ ಒಳಪದರ ಗೀರುವುದು, ವಂಶವಾಹಿ ಪರೀಕ್ಷೆ. ಗೀರುವುದರಿಂದ ಲಾಭವಿಲ್ಲವೆಂದು 2019ರಲ್ಲೇ ದೊಡ್ಡ ಪ್ರಯೋಗವೊಂದು ತೋರಿಸಿದೆ. ವೀರ್ಯ ಚೆನ್ನಾಗಿರುವಾಗ ಇಕ್ಸಿಯಿಂದ ಮಗುವಾಗುವ ಸಂಭವ ಹೆಚ್ಚುವುದಿಲ್ಲ. ‘ನಮ್ಮ ಕೇಸಿಗೆ ಯಾಕೆ?’ ಎಂದು ಕೇಳಿ, ಉತ್ತರ ಬರೆಸಿಕೊಳ್ಳುವುದು ನಾವು ಕಂಡ ದಾರಿ. ಎಷ್ಟೋ ಐಟಂ ಅಲ್ಲೇ ಬಿದ್ದುಹೋಗುತ್ತವೆ.

ಇನ್ಶೂರೆನ್ಸ್ ನೆಚ್ಚಿಕೊಳ್ಳಬೇಡಿ. ಬಂಜೆತನ ಚಿಕಿತ್ಸೆ ಸಾಮಾನ್ಯ ಪಾಲಿಸಿಗಳಲ್ಲಿ ಹೊರಗಿಟ್ಟ ಪಟ್ಟಿಯಲ್ಲಿದೆ, ಸಂಕೇತ ಎಕ್ಸ್‌ಸಿಎಲ್ 17. ಕೆಲವು ಕಂಪನಿಗಳ ಗುಂಪು ಪಾಲಿಸಿಯಲ್ಲಿ ಮಿತಿ ಹಾಕಿ ಕೊಡುತ್ತಾರೆ. ಎಚ್‌ಆರ್‌ನಿಂದ ಪಾಲಿಸಿಯ ಪೂರ್ತಿ ಪ್ರತಿ ಕೇಳಿ, ಬಾಯಿಮಾತು ನಂಬಬೇಡಿ. 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆಯಂತೆ ಕ್ಲಿನಿಕ್ ನೋಂದಣಿಯಾಗಿರಬೇಕು, ಐವಿಎಫ್‌ಗೆ ಎರಡನೇ ಹಂತದ ನೋಂದಣಿ ಬೇಕು. ಹೆಂಗಸಿನ ವಯಸ್ಸು 21ರಿಂದ 50, ಗಂಡಸಿನದು 21ರಿಂದ 55.

ವರ್ಗಾವಣೆಯಾದ ಮೇಲೆ ಗರ್ಭ ನಿಲ್ಲಲು ನೆರವಾಗುವ ಹಾರ್ಮೋನ್ ಪ್ರೊಜೆಸ್ಟರಾನ್ ನಡೆಯುತ್ತದೆ, ಒಂದು ಹೊತ್ತೂ ತಪ್ಪಿಸುವಂತಿಲ್ಲ. ಎಣ್ಣೆ ಇಂಜೆಕ್ಷನ್ ಆದರೆ ವಯಲ್ ಅನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡರೆ ಗಂಟು ಕಡಿಮೆ. ಮನೆಯಲ್ಲಿ ಬೇಗ ಟೆಸ್ಟ್ ಮಾಡಬೇಡಿ, ಟ್ರಿಗರ್‌ನ ಎಚ್‌ಸಿಜಿ (ಗರ್ಭ ಪರೀಕ್ಷೆ ಹುಡುಕುವ ಹಾರ್ಮೋನ್) ಉಳಿದಿದ್ದು ಸುಳ್ಳು ಗೆರೆ ಮೂಡಬಹುದು. ವರ್ಗಾವಣೆಯಿಂದ 10ರಿಂದ 14ನೇ ದಿನಕ್ಕೆ ಅದೇ ಎಚ್‌ಸಿಜಿಯ ರಕ್ತಪರೀಕ್ಷೆ ಬೀಟಾ, 48 ಗಂಟೆಗೆ ಮತ್ತೊಂದು.

ಫ್ರೀಜ್ ಮಾಡಿದ ಭ್ರೂಣ ಉಳಿದಿದ್ದರೆ ಕಾಯ್ದೆಯಂತೆ 10 ವರ್ಷ ಇಡಬಹುದು. ಬಾಡಿಗೆ ಕಟ್ಟುವ ತಾರೀಖನ್ನು ಇಬ್ಬರ ಫೋನಿನಲ್ಲೂ ಹಾಕಿಟ್ಟಿದ್ದೇವೆ.